ಒಂದೇ ಲೆನ್ಸ್ ಕೊಳ್ಳುವುದಾದರೆ ಯಾವುದು?



ಫುಲ್ ಫ್ರೇಮ್ ಕ್ಯಾಮೆರಾ ನಿಮ್ಮ ಕೈಗೆ ಬಂದಿದೆ ಎಂದಿಟ್ಟುಕೊಳ್ಳಿ. ಮನೆಯವರು ಕೊಡಿಸಿರಬಹುದು, ಕಾಲೇಜಿನದಿರಬಹುದು, ಪರಿಚಯದ ಸ್ಟುಡಿಯೋದವರು ಹಳೆಯದನ್ನು ಮಾರಿರಬಹುದು. ಉಳಿದ ಹಣದಲ್ಲಿ ಒಂದೇ ಒಂದು ಲೆನ್ಸ್ ಕೊಳ್ಳಲು ಸಾಧ್ಯ. ಯಾವುದನ್ನು ಕೊಳ್ಳಬೇಕು?

ಇದು ಸಣ್ಣ ಪ್ರಶ್ನೆಯಲ್ಲ. ಒಳ್ಳೆಯ ಜೂಮ್ ಲೆನ್ಸ್ ಒಂದರ ಬೆಲೆ ಅನೇಕ ಮನೆಗಳಲ್ಲಿ ಮಗ ಅಥವಾ ಮಗಳ ಒಂದು ವರ್ಷದ ಕಾಲೇಜು ಖರ್ಚಿಗೆ ಸಮನಾಗುತ್ತದೆ. ಅಂಥ ವಸ್ತುವನ್ನು ಅಂಗಡಿಯವರ ಮಾತು ಕೇಳಿ, ಗೆಳೆಯರ ಬಳಿ ಇದೆ ಎಂದು ನೋಡಿ ಕೊಳ್ಳುವುದಕ್ಕಿಂತ ಅಳತೆ ಮಾಡಿ ಕೊಳ್ಳುವುದು ಮೇಲು. ಅಳತೆಗೆ ಬೇಕಾದದ್ದು ಒಂದು ರಟ್ಟು, ಒಂದು ದಾರ ಮತ್ತು ಪ್ರೌಢಶಾಲೆಯ ಗಣಿತ. ಪ್ರಯೋಗಶಾಲೆಯಾಗಿ ಕೊಳ್ಳೇಗಾಲ, ಯಳಂದೂರು ಮತ್ತು ಹನೂರು ತಾಲ್ಲೂಕುಗಳನ್ನೇ ತೆಗೆದುಕೊಳ್ಳೋಣ. ಮಗ್ಗದ ಮನೆ, ದಟ್ಟ ಕಾಡು, ಬೆಟ್ಟದ ಜಾತ್ರೆ ಮೂರೂ ಇಲ್ಲಿ ಒಂದು ದಿನದ ಪ್ರಯಾಣದೊಳಗೆ ಸಿಗುತ್ತವೆ.

ಫುಲ್ ಫ್ರೇಮ್ ಎಂದರೇನು?

ಕ್ಯಾಮೆರಾದೊಳಗೆ ಬಿಂಬ ಬೀಳುವ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ ಇದ್ದರೆ ಅದು ಫುಲ್ ಫ್ರೇಮ್. ಈ ಅಳತೆ ಬಂದದ್ದು ಹಳೆಯ ಫಿಲ್ಮಿನಿಂದ. ಜರ್ಮನಿಯ ಓಸ್ಕರ್ ಬಾರ್ನಾಕ್ ಎಂಬ ತಂತ್ರಜ್ಞ ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಎರಡು ಸಿನಿಮಾ ಚೌಕಟ್ಟುಗಳಷ್ಟು ಜಾಗವನ್ನು ಒಂದು ಚಿತ್ರಕ್ಕೆ ಬಳಸಿದರು. ಆ ಕ್ಯಾಮೆರಾ, ಅಂದರೆ ಲೈಕಾ, 1925ರಲ್ಲಿ ಮಾರುಕಟ್ಟೆಗೆ ಬಂತು. ಡಿಜಿಟಲ್ ಯುಗದಲ್ಲೂ ಆ ಅಳತೆ ಉಳಿದುಕೊಂಡಿತು.

ನೀವು ಕೇಳಬಹುದು: "ಟಿ.ವಿ. ಕ್ಯಾಮೆರಾದವರು ಒಂದೇ ಲೆನ್ಸಿನಲ್ಲಿ ಇಡೀ ಮೈದಾನವನ್ನೂ ತೋರಿಸುತ್ತಾರೆ, ಆಟಗಾರನ ಕಣ್ಣನ್ನೂ ತೋರಿಸುತ್ತಾರೆ. ನಮ್ಮ ಕ್ಯಾಮೆರಾಕ್ಕೆ ಅಂಥ ಲೆನ್ಸ್ ಯಾಕಿಲ್ಲ?" ಕಾರಣ ಸರಳ. ಸುದ್ದಿ ಸಂಗ್ರಹಕ್ಕೆ ಬಹುಕಾಲ ಬಳಸಿದ ಟಿ.ವಿ. ಕ್ಯಾಮೆರಾಗಳ ಸೆನ್ಸರ್ ಬಹಳ ಚಿಕ್ಕದು. ಫುಲ್ ಫ್ರೇಮಿನ ವಿಸ್ತೀರ್ಣ 864 ಚದರ ಮಿ.ಮೀ.; ಅದು ಆ ಸೆನ್ಸರಿನ ಸುಮಾರು 15 ಪಟ್ಟು. ಸಣ್ಣ ಸೆನ್ಸರಿಗೆ ಸಣ್ಣ ಬಿಂಬ ಸಾಕು. ಆದ್ದರಿಂದ 20 ಪಟ್ಟು ಜೂಮ್ ಆಗುವ ಲೆನ್ಸನ್ನೂ ಹೆಗಲ ಮೇಲೆ ಹೊರಬಹುದು. ಅದೇ ಲೆನ್ಸನ್ನು ಫುಲ್ ಫ್ರೇಮಿಗೆ ಹಿಗ್ಗಿಸಿದರೆ ಹೊರಲು ಆಳು ಬೇಕಾದೀತು.

ಜೂಮ್ ಲೆನ್ಸಿಗೂ ದೂರದರ್ಶನಕ್ಕೂ ಹಳೆಯ ನಂಟಿದೆ. ಫ್ರಾಂಕ್ ಬ್ಯಾಕ್ ಎಂಬುವರ 'ಜೂಮಾರ್' ಲೆನ್ಸ್ 1940ರ ದಶಕದಲ್ಲಿ ಅಮೆರಿಕದ ಟಿ.ವಿ. ಕ್ಯಾಮೆರಾಗಳಲ್ಲಿ ಹೆಸರು ಮಾಡಿತು. ಅವರದೇ ವಿನ್ಯಾಸದ, 36ರಿಂದ 82 ಮಿ.ಮೀ. ವರೆಗಿನ ಜೂಮ್ ಲೆನ್ಸ್ 1959ರಲ್ಲಿ ಸ್ಥಿರಚಿತ್ರದ ಕ್ಯಾಮೆರಾಕ್ಕೆ ಬಂತು. ಅಂದಿನಿಂದ ಇಂದಿನವರೆಗೂ ಲೆನ್ಸ್ ತಯಾರಕರ ಜಗ್ಗಾಟ ಮೂರು ಗುಣಗಳ ನಡುವೆ: ನೋಟದ ವ್ಯಾಪ್ತಿ, ಬೆಳಕು ಹಿಡಿಯುವ ಶಕ್ತಿ, ಕಡಿಮೆ ತೂಕ. ಎರಡನ್ನು ಪಡೆದರೆ ಮೂರನೆಯದನ್ನು ಸ್ವಲ್ಪ ಬಿಡಬೇಕು.

ರಟ್ಟಿನ ಕಿಟಕಿ

ಲೆನ್ಸಿನ ಮೇಲೆ 24, 50, 105 ಎಂದು ಬರೆದಿರುವುದು ಅದರ ಸಂಗಮದೂರ, ಮಿಲಿಮೀಟರುಗಳಲ್ಲಿ. ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. ಇದನ್ನು ಕೊಳ್ಳುವ ಮೊದಲೇ ಕಣ್ಣಾರೆ ನೋಡಬಹುದು.

ಒಂದು ರಟ್ಟಿನಲ್ಲಿ 72 ಮಿ.ಮೀ. ಅಗಲ, 48 ಮಿ.ಮೀ. ಎತ್ತರದ ಕಿಟಕಿ ಕತ್ತರಿಸಿ. ಇದು ಸೆನ್ಸರಿನ ಅಳತೆಯ ಎರಡರಷ್ಟು. ರಟ್ಟಿಗೆ ದಾರ ಕಟ್ಟಿ, ಸಂಗಮದೂರದ ಎರಡರಷ್ಟು ದೂರದಲ್ಲಿ ಗಂಟು ಹಾಕಿ. 24 ಮಿ.ಮೀ. ಲೆನ್ಸಿಗೆ 48 ಮಿ.ಮೀ., ಐವತ್ತಕ್ಕೆ 100 ಮಿ.ಮೀ., ನೂರೈದಕ್ಕೆ 210 ಮಿ.ಮೀ. ಗಂಟನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಕಿಟಕಿಯೊಳಗಿಂದ ನೋಡಿ. ಆ ಲೆನ್ಸಿಗೆ ಎಷ್ಟು ಕಾಣುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ನಿಮಗೂ ಕಾಣುತ್ತದೆ. ಇದು ಸಮರೂಪ ತ್ರಿಭುಜಗಳ ಪಾಠವಲ್ಲದೆ ಬೇರೇನೂ ಅಲ್ಲ.

ಲೆಕ್ಕವೂ ಅಷ್ಟೇ ಸುಲಭ. ಕಾಣುವ ಅಗಲ ಬೇಕಾದರೆ 36ನ್ನು ಸಂಗಮದೂರದಿಂದ ಭಾಗಿಸಿ, ವಸ್ತುವಿಗಿರುವ ದೂರದಿಂದ ಗುಣಿಸಿ. ಎತ್ತರ ಬೇಕಾದರೆ 36ರ ಬದಲು 24.

ಕೊಳ್ಳೇಗಾಲದ ಮಗ್ಗದ ಮನೆ

ಕೊಳ್ಳೇಗಾಲ ರೇಷ್ಮೆ ನೇಯ್ಗೆಗೆ ಹೆಸರಾದ ಊರು. ನೇಕಾರರ ಮನೆಯೊಂದರಲ್ಲಿ ಕೈಮಗ್ಗವಿದೆ, ನೀವು ಗೋಡೆಗೆ ಬೆನ್ನು ಆನಿಸಿ ನಿಂತಿದ್ದೀರಿ, ಎದುರು ಗೋಡೆ 10 ಅಡಿ ದೂರದಲ್ಲಿದೆ ಎಂದುಕೊಳ್ಳಿ. ಐವತ್ತರ ಲೆನ್ಸಿಗೆ ಕಾಣುವ ಅಗಲ ಸುಮಾರು 7 ಅಡಿ. ನೇಯುವವರು ಕಾಣುತ್ತಾರೆ, ಮಗ್ಗ ಪೂರ್ತಿ ಕಾಣದು. ಇಪ್ಪತ್ತೆಂಟರ ಲೆನ್ಸಿಗೆ ಸುಮಾರು 13 ಅಡಿ. ಇಪ್ಪತ್ತನಾಲ್ಕರ ಲೆನ್ಸಿಗೆ 15 ಅಡಿ. ಮಗ್ಗ, ನೇಯುವವರು, ಪಕ್ಕದಲ್ಲಿ ನೂಲು ಸುತ್ತುತ್ತಿರುವ ಮನೆಯಾಕೆ, ಬೆಳಕು ಬರುವ ಕಿಟಕಿ ಎಲ್ಲವೂ ಒಂದೇ ಚಿತ್ರದಲ್ಲಿ ಬರುತ್ತವೆ.

ಹಿಂದಕ್ಕೆ ಹೋಗಲು ಗೋಡೆ ಬಿಡುವುದಿಲ್ಲ ಎಂಬುದನ್ನು ಗಮನಿಸಿ. 24ಕ್ಕೂ 28ಕ್ಕೂ ನಾಲ್ಕೇ ಮಿಲಿಮೀಟರು ವ್ಯತ್ಯಾಸ ಎಂದು ಕಾಗದದ ಮೇಲೆ ಕಾಣುತ್ತದೆ. ಕೋಣೆಯೊಳಗೆ ಅದು ಎರಡು ಅಡಿ. ಒಬ್ಬ ಮನುಷ್ಯ ಚಿತ್ರದಲ್ಲಿ ಇರುವುದಕ್ಕೂ ಹೊರಗುಳಿಯುವುದಕ್ಕೂ ಇರುವ ವ್ಯತ್ಯಾಸ.

ಯಳಂದೂರಿನ ಕಾಡು

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರ ಇರುವುದು ಇಲ್ಲೇ. ಮುಗಿಲಿಗೆ ಮುಟ್ಟುವಂತಿರುವ ಆ ಮರದ ಸುತ್ತ ದಟ್ಟ ಕಾಡು. ಹಿಂದೆ ಸರಿದರೆ ಮರವೇ ಮರೆಯಾಗುತ್ತದೆ. ಇಲ್ಲಿಯೂ ಅಗಲ ನೋಟವೇ ಗತಿ.

ಆದರೆ ಕಾಡೆಂದರೆ ಆನೆಯೂ ನೆನಪಾಗುತ್ತದೆ. ಸಫಾರಿ ವಾಹನದಿಂದ 150 ಅಡಿ ದೂರದಲ್ಲಿ 9 ಅಡಿ ಎತ್ತರದ ಆನೆ ನಿಂತಿದೆ. ನೂರೈದರ ಲೆನ್ಸಿಗೆ ಅಲ್ಲಿ ಕಾಣುವ ಎತ್ತರ 34 ಅಡಿ. ಆನೆ ಚಿತ್ರದ ಕಾಲು ಭಾಗ. 240 ಮಿ.ಮೀ. ಲೆನ್ಸಿಗೆ 15 ಅಡಿ. ಆನೆ ಅರ್ಧಕ್ಕಿಂತ ಹೆಚ್ಚು. 400 ಮಿ.ಮೀ. ಆದರೆ ಆನೆಯೇ ಚಿತ್ರ. ಹಾಗಾದರೆ ನೂರೈದು ಸಾಲದೇ?

ಇಲ್ಲಿ ಒಂದು ಉಪಾಯವಿದೆ. 2.4 ಕೋಟಿ ಪಿಕ್ಸೆಲ್‌ಗಳ ಕ್ಯಾಮೆರಾದಲ್ಲಿ ನೂರೈದರಲ್ಲಿ ತೆಗೆದ ಚಿತ್ರವನ್ನು ಅರ್ಧ ಅಗಲ, ಅರ್ಧ ಎತ್ತರಕ್ಕೆ ಕತ್ತರಿಸಿ. ನೋಟ 210 ಮಿ.ಮೀ. ಲೆನ್ಸಿನಷ್ಟಾಗುತ್ತದೆ, 60 ಲಕ್ಷ ಪಿಕ್ಸೆಲ್ ಉಳಿಯುತ್ತವೆ. ಕಾಲೇಜು ಪತ್ರಿಕೆಯ ಪುಟಕ್ಕೆ ಅಷ್ಟು ಸಾಕು. ಅಂದರೆ ದೂರದ ನೋಟದ ಕೊರತೆಯನ್ನು ಆಮೇಲೆ ಒಂದಿಷ್ಟು ತುಂಬಿಕೊಳ್ಳಬಹುದು. ಅಗಲ ನೋಟದ ಕೊರತೆ ಹಾಗಲ್ಲ. ಚೌಕಟ್ಟಿನ ಹೊರಗುಳಿದದ್ದನ್ನು ಯಾವ ಕತ್ತರಿಯೂ ಒಳಗೆ ತರಲಾರದು. ಹಕ್ಕಿ ಮತ್ತು ಹುಲಿಯ ಹತ್ತಿರದ ಚಿತ್ರವೇ ನಿಮ್ಮ ಗುರಿಯಾದರೆ ಈ ಬಗೆಯ ಒಂದೇ ಲೆನ್ಸ್ ಸಾಲದು. ಅದಕ್ಕೆ ಬೇರೆಯೇ ಲೆನ್ಸ್ ಬೇಕು. ಚಿತ್ರಕ್ಕಾಗಿ ವಾಹನದಿಂದ ಇಳಿಯುವುದಂತೂ ಕೂಡದು.

ಹನೂರಿನ ಬೆಟ್ಟ, ಸಂಜೆಯ ಬೆಳಕು

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಬೇರೆಯೇ ಪರೀಕ್ಷೆ. ಜಾತ್ರೆಯ ಸಂಜೆ ಹುಲಿವಾಹನದ ಉತ್ಸವ ಬರುತ್ತದೆ, ಕಂಸಾಳೆಯವರು ತಾಳ ಬೀಸುತ್ತ ಕುಣಿಯುತ್ತಾರೆ, ಬೆಳಕು ಕುಗ್ಗುತ್ತದೆ. ಈಗ ಲೆನ್ಸಿನ ಎರಡನೆಯ ಸಂಖ್ಯೆಯನ್ನು ನೋಡಬೇಕು.

ಎಫ್/4 ಎಂದರೆ ಬೆಳಕು ಒಳಬರುವ ರಂಧ್ರದ ವ್ಯಾಸ ಸಂಗಮದೂರದ ನಾಲ್ಕನೇ ಒಂದು ಭಾಗ. ಬೆಳಕಿನ ಪ್ರಮಾಣ ವ್ಯಾಸದ ವರ್ಗವನ್ನು ಅವಲಂಬಿಸಿದೆ. ಆದ್ದರಿಂದ ಎಫ್/2.8 ಲೆನ್ಸು ಎಫ್/4ರ ಎರಡರಷ್ಟು ಬೆಳಕು ಕೊಡುತ್ತದೆ, ಎಫ್/6.3 ಅದರ ಶೇಕಡ 40ರಷ್ಟು ಮಾತ್ರ. ಕಂಸಾಳೆಯ ಚಿತ್ರಕ್ಕೆ ಎಫ್/2.8ರಲ್ಲಿ ಸೆಕೆಂಡಿನ 1/250 ಭಾಗ ಸಿಕ್ಕರೆ, ಎಫ್/4ರಲ್ಲಿ 1/125, ಎಫ್/6.3ರಲ್ಲಿ 1/50. ಮೊದಲನೆಯದರಲ್ಲಿ ಬೀಸುವ ಕೈಯೂ ಸಾಕಷ್ಟು ನಿಲ್ಲುತ್ತದೆ. ಎರಡನೆಯದರಲ್ಲಿ ಮುಖ ನಿಂತು ಕೈ ತುಸು ಮಸುಕಾಗುತ್ತದೆ. ಮೂರನೆಯದರಲ್ಲಿ ಮುಖವೂ ಅಲುಗಬಹುದು. ಲೆನ್ಸಿನಲ್ಲಿ ಕಂಪನ ತಡೆಯುವ ವ್ಯವಸ್ಥೆ ಇದೆಯಲ್ಲ ಎನ್ನಬೇಡಿ. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಕುಣಿಯುವವರನ್ನು ನಿಲ್ಲಿಸುವುದಿಲ್ಲ. ಎಫ್/4ರಲ್ಲಿ ಕಳೆದುಕೊಂಡ ಆ ಒಂದು ಮೆಟ್ಟಿಲನ್ನು ಐಎಸ್‌ಒ 3200ರಿಂದ 6400ಕ್ಕೆ ಏರಿಸಿ ಮರಳಿ ಪಡೆಯಬಹುದು. ಫುಲ್ ಫ್ರೇಮಿನ ದೊಡ್ಡ ಸೆನ್ಸರ್ ಅದನ್ನು ತಾಳಿಕೊಳ್ಳುತ್ತದೆ.

ಇನ್ನು ತೂಕ. ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಹತ್ತುವ ಭಕ್ತರ ಜೊತೆ ನೀವೂ ಹತ್ತಿದರೆ ಪ್ರತಿ ನೂರು ಗ್ರಾಮೂ ಕುತ್ತಿಗೆಗೆ ಗೊತ್ತಾಗುತ್ತದೆ. ಕ್ಯಾನನ್‌ನ ಆರ್‌ಎಫ್ 24–70 ಎಫ್/2.8 ಲೆನ್ಸ್ 900 ಗ್ರಾಂ. ಅದೇ ಸಂಸ್ಥೆಯ 24–105 ಎಫ್/4 ಸುಮಾರು 700 ಗ್ರಾಂ, ಸೋನಿಯದು 663, ನಿಕಾನ್‌ನ 24–120 ಎಫ್/4 ಲೆನ್ಸ್ 630. ಟ್ಯಾಮ್ರಾನ್‌ನ 28–200 ಲೆನ್ಸ್ 575 ಗ್ರಾಂ. ಅದರ ವ್ಯಾಪ್ತಿ ದೊಡ್ಡದು, ಆದರೆ ಜೂಮ್ ಮಾಡಿದಂತೆ ಬೆಳಕು ಎಫ್/5.6ಕ್ಕೆ ಇಳಿಯುತ್ತದೆ, ಆರಂಭವೂ 28ರಿಂದ.

ಹಾಗಾದರೆ ಯಾವುದು?

ಮೂರು ಪರೀಕ್ಷೆಗಳನ್ನೂ ಕೂಡಿಸಿ ನೋಡಿ. ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಕೊರತೆಯನ್ನು ಆಮೇಲೆ ತುಂಬಿಕೊಳ್ಳಬಹುದು, ಯಾವುದನ್ನು ಸಾಧ್ಯವಿಲ್ಲ? ದೂರದ ಕೊರತೆಯನ್ನು ಕತ್ತರಿಸಿ ತುಂಬಿಕೊಳ್ಳಬಹುದು. ಬೆಳಕಿನ ಕೊರತೆಯನ್ನು ಐಎಸ್‌ಒ ಒಂದು ಮಟ್ಟದವರೆಗೆ ತುಂಬುತ್ತದೆ. ಅಗಲದ ಕೊರತೆಗೆ ಮಾತ್ರ ಸುಲಭದ ಪರಿಹಾರವಿಲ್ಲ. ಆದ್ದರಿಂದ 24ರಿಂದ ಆರಂಭವಾಗಿ 105 ಅಥವಾ 120ರವರೆಗೆ ಹೋಗುವ, ಉದ್ದಕ್ಕೂ ಎಫ್/4 ಇರುವ ಲೆನ್ಸು ಬಹುಪಾಲು ವಿದ್ಯಾರ್ಥಿಗಳಿಗೆ ಸರಿಯಾದ ಆಯ್ಕೆ. ರಾತ್ರಿಯ ನಾಟಕ, ಮದುವೆಮನೆ, ಒಳಾಂಗಣವೇ ನಿಮ್ಮ ಮುಖ್ಯ ಕೆಲಸವಾದರೆ ಎಫ್/2.8 ಲೆನ್ಸನ್ನು ಆರಿಸಿ, ದೂರದ ಆಸೆ ಬಿಡಿ. ಹಗಲಿನ ಪ್ರವಾಸವೇ ಹೆಚ್ಚಾದರೆ 28–200 ಹಗುರ ಮತ್ತು ಅನುಕೂಲ.

ಕೊಳ್ಳುವ ಮುನ್ನ ಕೆಲವು ಮಾತು. ಲೆನ್ಸು ಫುಲ್ ಫ್ರೇಮಿಗೆ ಮಾಡಿದ್ದೇ ಎಂದು ಖಚಿತಪಡಿಸಿಕೊಳ್ಳಿ. ಸಣ್ಣ ಸೆನ್ಸರಿನ ಲೆನ್ಸ್ ಹಾಕಿದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ ಅಥವಾ ಕ್ಯಾಮೆರಾವೇ ಚಿತ್ರವನ್ನು ಕತ್ತರಿಸುತ್ತದೆ. ಹಳೆಯ ಲೆನ್ಸಾದರೆ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಬೇಡವೆನ್ನಿ. ಭರಚುಕ್ಕಿಯ ತುಂತುರು, ಬೆಟ್ಟದ ಮಂಜಿನಲ್ಲಿ ಓಡಾಡಿ ಬಂದ ಮೇಲೆ ಲೆನ್ಸನ್ನು ಒರೆಸಿ, ಗಾಳಿಯಾಡಲು ಬಿಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ವಿಡಿಯೋ ಮಾಡುವವರು ಇನ್ನೊಂದನ್ನು ನೋಡಬೇಕು: ಟಿ.ವಿ. ಲೆನ್ಸಿನಲ್ಲಿ ಜೂಮ್ ಮಾಡಿದರೂ ಫೋಕಸ್ ಕದಲುವುದಿಲ್ಲ, ಸ್ಥಿರಚಿತ್ರದ ಎಷ್ಟೋ ಲೆನ್ಸುಗಳಲ್ಲಿ ಕದಲುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಿ.

ಕೊನೆಯದಾಗಿ, ಜೂಮ್ ನಡಿಗೆಗೆ ಬದಲಿಯಲ್ಲ. ಮುಖ, ಮಗ್ಗ, ಗೋಡೆ ಇವುಗಳ ನಡುವಿನ ಪರಸ್ಪರ ಗಾತ್ರವನ್ನು ನಿರ್ಧರಿಸುವುದು ನೀವು ನಿಂತ ಜಾಗ; ಲೆನ್ಸು ಅದರ ಸುತ್ತ ಚೌಕಟ್ಟು ಹಾಕುತ್ತದೆ ಅಷ್ಟೆ. ದೂರದಿಂದ ನೂರೈದರಲ್ಲಿ ಕದ್ದು ತೆಗೆದ ಮುಖಕ್ಕಿಂತ, "ಒಂದು ಫೋಟೋ ತೆಗೆಯಲೇ?" ಎಂದು ಕೇಳಿ ಐದು ಅಡಿಯಿಂದ ತೆಗೆದ ಮುಖ ಬೇರೆಯೇ ಇರುತ್ತದೆ. ಈ ಭಾನುವಾರ ರಟ್ಟಿನ ಕಿಟಕಿ ಮಾಡಿಕೊಂಡು ನಿಮ್ಮ ಬೀದಿಯಲ್ಲಿ ಒಂದು ಗಂಟೆ ತಿರುಗಾಡಿ. ಯಾವ ಗಂಟನ್ನು ಹೆಚ್ಚು ಸಲ ಹಿಡಿದಿರಿ ಎಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಅಂಗಡಿಗೆ ಹೋಗುವಾಗ ಆ ಪುಟ ಜೇಬಿನಲ್ಲಿರಲಿ.