ನೋವು ನಿಂತಿತು, ಆದರೆ ಹಲ್ಲು ಗುಣವಾಗಿರಲಿಲ್ಲ: ಹಲ್ಲಿನ ನರವನ್ನು ಅಳೆಯುವುದು ಹೇಗೆ?

ಇವತ್ತಿನ ಕಂತು ಹಲ್ಲಿನ ಬಗ್ಗೆ. ಹೆದರಬೇಡಿ, ದಿನಕ್ಕೆ ಎರಡು ಸಲ ಬ್ರಷ್ ಮಾಡಿ ಅಂತ ಹೇಳಲು ಬಂದದ್ದಲ್ಲ. ತಣ್ಣಗಿನದ್ದು ತಾಗಿದಾಗ ಹಲ್ಲು ಜುಂ ಅನ್ನುತ್ತದಲ್ಲ, ಆ ಜುಂ ಅನ್ನು ಅಳೆಯುವುದು ಹೇಗೆ ಎನ್ನುವುದು ಇವತ್ತಿನ ವಿಷಯ. ನನ್ನದೇ ಒಂದು ಹಲ್ಲಿನ ಕಥೆಯಿಂದ ಶುರು ಮಾಡುತ್ತೇನೆ.

ಕೆಳದವಡೆಯ ಬಲಗಡೆ ಒಂದು ದವಡೆ ಹಲ್ಲು. ಗಡ್‌ಬಡ್ ಐಸ್‌ಕ್ರೀಮಿನ ಮೊದಲ ಚಮಚಕ್ಕೇ ಜುಂ ಅಂತು. ಮಂಗಳೂರಿನವನಾಗಿ ಗಡ್‌ಬಡ್ ಬಿಡುವುದು ಹೇಗೆ ಮಾರಾಯ್ರೆ? ಇನ್ನೊಂದು ಬದಿಯಲ್ಲಿ ತಿಂದೆ. ಕೆಲವು ವಾರ ಕಳೆದ ಮೇಲೆ ಬಿಸಿ ಚಾ ಕುಡಿದರೂ ನೋವು. ಅದೂ ಬೇರೆ ಥರದ ನೋವು: ಮೆಲ್ಲಗೆ ಶುರುವಾಗಿ, ಡವಡವ ಅಂತ ಅರ್ಧ ಗಂಟೆ ಇರುವುದು. ಅಮ್ಮ ಲವಂಗ ಇಡಲು ಹೇಳಿದರು, ಇಟ್ಟೆ. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ನೋವೇ ಇಲ್ಲ! ಲವಂಗ ಗೆದ್ದಿತು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಎರಡು ತಿಂಗಳಾದ ಮೇಲೆ ಅದೇ ಹಲ್ಲಿನ ಕೆಳಗೆ ಒಸಡಿನಲ್ಲಿ ಒಂದು ಸಣ್ಣ ಗುಳ್ಳೆ ಕಾಣಿಸಿತು. ಪಂಪ್‌ವೆಲ್‌ನಲ್ಲಿ ಬಸ್ ಇಳಿದು, ಫ್ಲೈಓವರ್ ಅಡಿಯಿಂದ ರಸ್ತೆ ದಾಟಿ, ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆ.

"ನೋವು ಎಂತದೂ ಇಲ್ಲ ಡಾಕ್ಟ್ರೆ, ಗುಳ್ಳೆ ಮಾತ್ರ" ಅಂದೆ.

"ನೋವಿಲ್ಲ ಅಂತ ಹೇಳಿದ್ರಲ್ಲ, ಅದನ್ನೇ ಮೊದಲು ನೋಡುವ" ಅಂದರು ಅವರು.

ಅವರು ಏನು ನೋಡಿದರು ಎಂದು ಹೇಳುವ ಮೊದಲು, ಹಲ್ಲಿನ ಒಳಗೆ ಒಮ್ಮೆ ಹೋಗಿ ಬರೋಣ.

ಹಲ್ಲಿನ ಹೊರಗಿನ ಬಿಳಿ ಪದರ ಎನಾಮಲ್. ಅದರಲ್ಲಿ ನರವೇ ಇಲ್ಲ. ಅದರ ಒಳಗಿನದ್ದು ಡೆಂಟಿನ್. ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು ಅದರ ತುಂಬ ಇವೆ, ಕೊಳವೆಗಳ ಒಳಗೆ ದ್ರವ. ಎಲ್ಲಕ್ಕಿಂತ ಒಳಗಿರುವುದು ಪಲ್ಪ್, ಅಂದರೆ ಹಲ್ಲಿನ ತಿರುಳು. ರಕ್ತನಾಳ, ನರ ಎರಡೂ ಇರುವುದು ಅಲ್ಲಿ. ತಣ್ಣಗಿನದ್ದು ತಾಗಿದಾಗ ಕೊಳವೆಯ ದ್ರವ ಫಕ್ಕನೆ ಅಲುಗಾಡುತ್ತದೆ, ಆ ಎಳೆತ ಒಳಗಿನ ನರದ ತುದಿಗೆ ತಾಗುತ್ತದೆ. 1960ರ ದಶಕದಲ್ಲಿ ಸ್ವೀಡನ್‌ನ ಮಾರ್ಟಿನ್ ಬ್ರಾನ್‌ಸ್ಟ್ರೋಮ್ ಪ್ರಯೋಗಗಳಿಂದ ಗಟ್ಟಿ ಮಾಡಿದ ವಿವರಣೆ ಇದು.

ಹಲ್ಲಿನ ನೋವು ಹೊತ್ತು ತರುವ ನರದ ಎಳೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಪಂಪ್‌ವೆಲ್ ಗೊತ್ತಿರುವವರಿಗೆ ಇದನ್ನು ಹೇಳುವುದು ಸುಲಭ. ಎ-ಡೆಲ್ಟಾ ಎಳೆಗಳು ಫ್ಲೈಓವರ್ ಇದ್ದ ಹಾಗೆ. ಮೈಯೆಲಿನ್ ಎಂಬ ಹೊದಿಕೆ ಇರುವುದರಿಂದ ಸುದ್ದಿ ಸೆಕೆಂಡಿಗೆ ಹಲವು ಮೀಟರ್ ವೇಗದಲ್ಲಿ ಓಡುತ್ತದೆ. ಐಸ್‌ಕ್ರೀಮಿನ ಚುರುಕು ಜುಂ ಬರುವುದು ಇದರಲ್ಲಿ. ಸಿ ಎಳೆಗಳು ಕೆಳಗಿನ ಸರ್ವಿಸ್ ರೋಡು. ಹೊದಿಕೆ ಇಲ್ಲ, ವೇಗ ಸೆಕೆಂಡಿಗೆ ಒಂದೆರಡು ಮೀಟರ್ ಅಷ್ಟೆ. ಬಿಸಿ ಚಾದ ಡವಡವ ನೋವು ಬರುವುದು ಇದರಲ್ಲಿ. ಎರಡೂ ಕೊನೆಗೆ ಸೇರುವುದು ಟ್ರೈಜೆಮಿನಲ್ ಎಂಬ ದೊಡ್ಡ ನರವನ್ನು. ಮುಖ, ಮೇಲ್ದವಡೆ, ಕೆಳದವಡೆ ಎಲ್ಲದರ ಸುದ್ದಿಯೂ ಅದರ ಮೂಲಕವೇ ಮಿದುಳಿಗೆ ಹೋಗುವುದರಿಂದ ವಿಳಾಸ ತಪ್ಪುವುದುಂಟು. ಕೆಳಗಿನ ಹಲ್ಲು ಕೆಟ್ಟಿದ್ದರೆ ಕಿವಿ ನೋಯುತ್ತದೆ. ಮೇಲಿನ ಹಲ್ಲೋ ಕೆಳಗಿನದ್ದೋ ಎಂದು ನಮಗೇ ಗೊತ್ತಾಗುವುದಿಲ್ಲ. ನಾವು ಬೆರಳು ತೋರಿಸಿದ ಹಲ್ಲಿಗೇ ನೇರವಾಗಿ ಚಿಕಿತ್ಸೆ ಶುರು ಮಾಡದೆ ಪರೀಕ್ಷೆ ಮಾಡುವುದು ಇದಕ್ಕೇ.

ಈಗ ಕ್ಲಿನಿಕ್‌ಗೆ ವಾಪಸ್.

ಮೊದಲು ತಣ್ಣನೆಯ ಪರೀಕ್ಷೆ. ಹತ್ತಿಯ ಉಂಡೆಗೆ ಒಂದು ಸ್ಪ್ರೇ ಹೊಡೆದರು. ಅದು ಸೊನ್ನೆಗಿಂತ 20 ಡಿಗ್ರಿಗೂ ಹೆಚ್ಚು ಕೆಳಗಿನ ತಣ್ಣಗೆ. "ಗೊತ್ತಾದ ಕೂಡಲೇ ಕೈ ಎತ್ತಿ, ಹೋದ ಕೂಡಲೇ ಇಳಿಸಿ" ಅಂದರು. ಶುರು ಮಾಡಿದ್ದು ಎಡಗಡೆಯ ಒಳ್ಳೆಯ ಹಲ್ಲಿನಿಂದ. ಒಬ್ಬೊಬ್ಬರ ಹಲ್ಲು ಒಂದೊಂದು ಥರ, ಹಾಗಾಗಿ ನನ್ನ ಹಲ್ಲಿಗೆ ನನ್ನದೇ ಇನ್ನೊಂದು ಹಲ್ಲು ಅಳತೆಗೋಲು. ಒಳ್ಳೆಯ ಹಲ್ಲಿಗೆ ತಾಗಿಸಿದಾಗ ಕೈ ತಟ್ಟನೆ ಮೇಲೆ ಹೋಯಿತು, ಎರಡು ಮೂರು ಸೆಕೆಂಡಲ್ಲಿ ಇಳಿಯಿತು. ಆಮೇಲೆ ಬಲಗಡೆಯದ್ದು. ಕಾದೆ. ಇನ್ನೂ ಕಾದೆ. ಕೈ ಏಳಲೇ ಇಲ್ಲ.

ಎರಡನೆಯದು ಕರೆಂಟಿನ ಪರೀಕ್ಷೆ. ಹೆಸರು ಇಲೆಕ್ಟ್ರಿಕ್ ಪಲ್ಪ್ ಟೆಸ್ಟ್. ಹಲ್ಲನ್ನು ಒಣಗಿಸಿ, ಕಡ್ಡಿಯ ತುದಿಗೆ ಸ್ವಲ್ಪ ಪೇಸ್ಟ್ ಹಚ್ಚಿ ಹಲ್ಲಿಗೆ ಇಡುತ್ತಾರೆ, ತುಟಿಗೆ ಒಂದು ಕ್ಲಿಪ್. ಕರೆಂಟು ತೀರಾ ಕಮ್ಮಿ, ಮೆಲ್ಲಮೆಲ್ಲಗೆ ಏರುತ್ತದೆ. ತುಂಬ ಯಂತ್ರಗಳಲ್ಲಿ ಅಂಕಿ 0ಯಿಂದ 80ರವರೆಗೆ. ಇರುವೆ ಹರಿದ ಹಾಗೆ ಅನ್ನಿಸಿದ ಕೂಡಲೇ ಹೇಳಬೇಕು. ನನ್ನ ಬಲಗಡೆ ಹಲ್ಲಿನಲ್ಲಿ ಅಂಕಿ 80 ಮುಟ್ಟಿತು, ನನಗೆ ಎಂತದೂ ಆಗಲಿಲ್ಲ.

ಈ ಅಂಕಿಯನ್ನು ಥರ್ಮಾಮೀಟರಿನ ಹಾಗೆ ಓದಬಾರದು. 30 ಬಂದ ಹಲ್ಲು 40 ಬಂದ ಹಲ್ಲಿಗಿಂತ ಆರೋಗ್ಯವಾಗಿದೆ ಎಂದೇನೂ ಅಲ್ಲ. ಯಂತ್ರ ಕೇಳುವುದು ಒಂದೇ ಪ್ರಶ್ನೆ: ಒಳಗೆ ಉತ್ತರ ಕೊಡುವ ನರ ಉಂಟಾ ಇಲ್ವಾ? ಆ ಉತ್ತರವೂ ನಮ್ಮ ಬಾಯಿಂದ, ನಮ್ಮ ಕೈಯಿಂದ ಬರಬೇಕು. ಹೆದರಿಕೆಯಲ್ಲಿ ಮೊದಲೇ ಕೈ ಎತ್ತಿದರೆ ಅಳತೆಯೇ ತಪ್ಪು. ಎಂಜಲಿನ ಮೂಲಕ ಕರೆಂಟು ಒಸಡಿಗೆ ಹರಿದರೂ ತಪ್ಪು.

ಇನ್ನೂ ದೊಡ್ಡ ವಿಷಯ ಒಂದುಂಟು. ಹಲ್ಲು ಬದುಕಿರುವುದು ರಕ್ತದಿಂದ, ನರದಿಂದ ಅಲ್ಲ. ಬೈಕಿನಿಂದ ಬಿದ್ದು ಮುಂದಿನ ಹಲ್ಲಿಗೆ ಪೆಟ್ಟಾಯಿತು ಅಂತಿಟ್ಟುಕೊಳ್ಳಿ. ನರ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನಿರಬಹುದು, ಆದರೆ ಒಳಗೆ ರಕ್ತ ಹರಿಯುತ್ತಿರುತ್ತದೆ. ಆ ಹಲ್ಲು ಸತ್ತಿಲ್ಲ. ಮಕ್ಕಳಿಗೆ ಹೊಸದಾಗಿ ಬಂದ ಹಲ್ಲೂ ಹಾಗೆಯೇ. ಬೇರು ಪೂರ್ತಿ ಬೆಳೆಯುವವರೆಗೆ ಕರೆಂಟಿನ ಪರೀಕ್ಷೆಗೆ ಸರಿಯಾಗಿ ಉತ್ತರ ಕೊಡುವುದಿಲ್ಲ. ಅಲ್ಲಿ ಒಂದೇ ಪರೀಕ್ಷೆ ನಂಬಿ ಹಲ್ಲು ಕೊರೆದರೆ ಬದುಕಿರುವ ಹಲ್ಲನ್ನೇ ಕೊಂದ ಹಾಗೆ. ಹಾಗಾಗಿ ಕೆಲವು ವಾರ ಬಿಟ್ಟು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಪಲ್ಸ್ ಆಕ್ಸಿಮೀಟರನ್ನು ಹಲ್ಲಿಗೆ ಹೊಂದುವಂತೆ ಮಾಡಿ, ನೇರವಾಗಿ ರಕ್ತವನ್ನೇ ನೋಡುವ ಪ್ರಯೋಗಗಳೂ ನಡೆದಿವೆ.

ನನ್ನ ಹಲ್ಲಿನ ಮೌನ ಆ ಬಗೆಯದ್ದಲ್ಲ. ಎಕ್ಸ್‌ರೇಯಲ್ಲಿ ಬೇರಿನ ತುದಿಯ ಸುತ್ತ ಎಲುಬು ಕರಗಿದ ಕಪ್ಪು ಕಲೆ ಕಂಡಿತು. ಹುಳುಕು ತಿರುಳಿಗೆ ಇಳಿದು ಮೊದಲು ಜುಂ, ಆಮೇಲೆ ಡವಡವ, ಕೊನೆಗೆ ಮೌನ. ನೋವು ನಿಂತದ್ದು ರೋಗ ಹೋಗಿ ಅಲ್ಲ, ಸುದ್ದಿ ಹೇಳುವ ನರವೇ ಹೋಗಿ.

ಹಾಗಾದರೆ ಲವಂಗ ಸುಳ್ಳಾ? ಅಲ್ಲ. ಲವಂಗದ ಯೂಜಿನಾಲ್‌ಗೆ ನೋವು ಮರಗಟ್ಟಿಸುವ ಗುಣ ನಿಜವಾಗಿಯೂ ಉಂಟು. ಹಲ್ಲಿನಲ್ಲಿ ತಂಪನ್ನು ಗುರುತಿಸುವ ಟಿಆರ್‌ಪಿಸಿ5 ಎಂಬ ಪ್ರೋಟೀನನ್ನು 2021ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು, ಯೂಜಿನಾಲ್ ಅದನ್ನೇ ತಡೆಯುತ್ತದೆ. ಅಮ್ಮ ಹೇಳಿದ್ದು ಸರಿ. ಆದರೆ ಲವಂಗ ಬೆಲ್ ಬಂದ್ ಮಾಡುತ್ತದೆ, ಬೆಂಕಿ ಆರಿಸುವುದಿಲ್ಲ.

ನನಗೆ ರೂಟ್ ಕೆನಾಲ್ ಆಯಿತು, ಹಲ್ಲು ಉಳಿಯಿತು. ಜುಂ ಅಂದ ವಾರವೇ ಹೋಗಿದ್ದರೆ ಪ್ರಾಯಶಃ ಒಂದು ಫಿಲ್ಲಿಂಗಲ್ಲಿ ಮುಗಿಯುತ್ತಿತ್ತು. ನಿಮಗೆ ದೂರವೇನಲ್ಲ: ಪಂಪ್‌ವೆಲ್‌ನಿಂದ ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟಿನಲ್ಲಿ ಎಡಕ್ಕೆ ತಿರುಗಿದರೆ ದೇರಳಕಟ್ಟೆ. ಅಲ್ಲಿ ಎ.ಬಿ. ಶೆಟ್ಟಿ, ಯೆನೆಪೊಯ ಎರಡೂ ಡೆಂಟಲ್ ಕಾಲೇಜುಗಳಿವೆ.

ಮೂರು ಮಾತು ನೆನಪಿಡಿ. ತಣ್ಣಗಿನದ್ದಕ್ಕೆ ಜುಂ ಅಂದು ಕೂಡಲೇ ಹೋದರೆ, ನರ ಇನ್ನೂ ಸರಿಯಾಗಿ ಉತ್ತರ ಕೊಡುತ್ತಿದೆ, ಈಗಲೇ ತೋರಿಸಿ. ಐಸ್ ತೆಗೆದ ಮೇಲೂ ನೋವು ನಿಂತುಕೊಂಡರೆ, ಬಿಸಿಗೂ ಬಂದರೆ, ತಡ ಮಾಡಬೇಡಿ. ನೋಯುತ್ತಿದ್ದ ಹಲ್ಲು ಚಿಕಿತ್ಸೆ ಇಲ್ಲದೆ ತನ್ನಷ್ಟಕ್ಕೆ ಸುಮ್ಮನಾದರೆ, ಖುಷಿ ಪಡಬೇಡಿ, ಅವತ್ತೇ ಹೋಗಿ.

ಕುರ್ಚಿಯಲ್ಲಿ ಕೂತು ಕೈ ಎತ್ತಿ ಅಂದಾಗ, ನಿಜವಾಗಿ ಗೊತ್ತಾದಾಗ ಮಾತ್ರ ಎತ್ತಿ. ಆ ಯಂತ್ರದ ಅರ್ಧ ಭಾಗ ನೀವೇ. ಮುಂದಿನ ಕಂತಿನಲ್ಲಿ ಸಿಗುವ.