ಕುಂತಿಬೆಟ್ಟದ ಕೆಳಗೊಂದು ಬೆಸುಗೆ

"ರಿಂಗು ಮೊದ್ಲೇ ತೂರ್ಸುದ್ಯಾ, ಮಗಾ?"

"ತೂರ್ಸಿವ್ನಿ ಕಣಣ್ಣ."

ಪಾಂಡವಪುರದ ಈ ಮಹಡಿ ಕೋಣೆಯಲ್ಲಿ ಇಷ್ಟು ಕೇಳದೆ ಯಾರೂ ಸಾಲ್ಡರಿಂಗ್ ಐರನ್ ಮುಟ್ಟುವುದಿಲ್ಲ. ಆಂಟೆನಾ ಕೇಬಲ್ಲಿನ ತುದಿಗೆ ಹಾಕುವ ಪಿಎಲ್-259 ಕನೆಕ್ಟರಿನ ತಿರುಪು ರಿಂಗು ಮೊದಲೇ ಕೇಬಲ್ಲಿಗೆ ಏರಿರಬೇಕು. ಮರೆತರೆ ಬೆಸುಗೆ ಎಷ್ಟು ಚೆನ್ನಾಗಿ ಕೂತಿದ್ದರೂ ಕತ್ತರಿಸಿ ಮತ್ತೆ ಶುರುಮಾಡಬೇಕು. ಕಲಿಸುತ್ತಿರುವವರು ಹವ್ಯಾಸಿ ರೇಡಿಯೊದಲ್ಲಿ ಪಳಗಿದ ಹಿರಿಯರು. ಕಲಿಯಲು ಬಂದವನು ಕೆ.ಆರ್. ಪೇಟೆಯ ಹುಡುಗ. ಕಿಟಕಿಯಾಚೆ ಕುಂತಿಬೆಟ್ಟದ ಬಂಡೆಗಳು. ಆಲೆಮನೆಯ ಬೆಲ್ಲದ ಹೊಗೆ ಒಳಗೆ ಬಂದು ಬೆಸುಗೆಯ ರಾಳದ ವಾಸನೆಯೊಡನೆ ಬೆರೆಯುತ್ತಿದೆ.

ಹುಡುಗ ಆರ್‌ಜಿ-213 ಕೇಬಲ್ಲಿನ ಕಪ್ಪು ಸಿಪ್ಪೆಯನ್ನು ಬ್ಲೇಡಿನಿಂದ ಸುತ್ತ ಗೀರಿ ಬಿಡಿಸಿದ. ಒಳಗೆ ತಾಮ್ರದ ಹೆಣಿಗೆ, ಅದರೊಳಗೆ ಪಾಲಿಥೀನ್, ನಟ್ಟನಡುವೆ ಹೊಸೆದ 7 ತಾಮ್ರದೆಳೆಗಳು. ಹೆಣಿಗೆಯ ಒಂದು ಎಳೆ ನಡುತಂತಿಗೆ ತಾಕಿದರೂ ಶಾರ್ಟ್.

ಕಷ್ಟವಿರುವುದು ಕಾವಿನಲ್ಲಿ. ತವರ-ಸೀಸದ ಬೆಸುಗೆ ಕರಗಲು 183 ಡಿಗ್ರಿ ಸೆಲ್ಸಿಯಸ್ ಬೇಕು. ಪಾಲಿಥೀನ್ 110ರ ಆಸುಪಾಸಿನಲ್ಲೇ ಸೋಲುತ್ತದೆ. ಅದು ಮೆತ್ತಗಾದರೆ ನಡುತಂತಿ ಪಕ್ಕಕ್ಕೆ ಸರಿಯುತ್ತದೆ. ಹೆಣಿಗೆಗೂ ತಂತಿಗೂ ನಡುವಿನ ಸಮ ಅಂತರವೇ ಕೇಬಲ್ಲಿನ 50 ಓಮ್‌ಗೆ ಆಧಾರ. 25 ವ್ಯಾಟಿನ ಸಣ್ಣ ಐರನ್ ಹಿಡಿದರೆ ಕನೆಕ್ಟರಿನ ದಪ್ಪ ಲೋಹ ಕಾವನ್ನೆಲ್ಲ ಹೀರಿಕೊಳ್ಳುತ್ತದೆ. ಬೆಸುಗೆ ಹತ್ತುವ ಹೊತ್ತಿಗೆ ಒಳಗಿನದು ಬೆಂದಿರುತ್ತದೆ. ಅದಕ್ಕೇ ಇಲ್ಲಿ 100 ವ್ಯಾಟಿನ, ಅಗಲ ಮೊನೆಯ ಐರನ್. ಒತ್ತಿದ ಕೂಡಲೇ ಕಾವು ಇಳಿಯಬೇಕು, ಕೆಲವೇ ಕ್ಷಣಗಳಲ್ಲಿ ಕೈ ಹಿಂದಕ್ಕೆ ಬರಬೇಕು. ಈ ಕೆಲಸದಲ್ಲಿ ಅಂಜಿಕೆಯ ನಿಧಾನವೇ ಕೆಡುಕು ಎಂದು ನನಗೆ ಖಾತ್ರಿಯಾಯಿತು.

ಹಿರಿಯರು ಕನೆಕ್ಟರಿನ ಮೈಮೇಲಿನ ನಾಲ್ಕು ರಂಧ್ರಗಳ ಸುತ್ತ ಉಪ್ಪುಕಾಗದದಿಂದ ಉಜ್ಜಿ, ಫ್ಲಕ್ಸ್ ಸವರಿ, ಐರನ್ ಒತ್ತಿದರು. ರಾಳ ಚಿಟಿಚಿಟಿ ಎಂದಿತು. ಮರುಗಳಿಗೆ ಬೆಳ್ಳಿಬಣ್ಣದ ದ್ರವ ತಾನಾಗಿ ರಂಧ್ರದೊಳಕ್ಕೆ ಇಳಿಯಿತು. ಗುಂಡಾಗಿ ಮೇಲೇ ನಿಂತಿದ್ದರೆ ಅದು ಹಸಿ ಬೆಸುಗೆ. ನಾಗಮಂಗಲದಲ್ಲಿ ವಿಗ್ರಹಕ್ಕೆ ಎರಕ ಹೊಯ್ಯುವವರು ಲೋಹ ಹರಿಯುವ ಬಗೆ ನೋಡಿಯೇ ಅದರ ಹದ ಹೇಳುವಂತೆ, ಇವರೂ ಹೇಳಿದರು: "ಕೂತ್ಕತು. ಆರೋಗಂಟ ಅಳ್ಳಾಡಿಸ್ಬ್ಯಾಡ."

ಇಷ್ಟು ಜತನ ಯಾಕೆ? ಹವ್ಯಾಸಿಗಳ 144ರಿಂದ 146 ಮೆಗಾಹರ್ಟ್ಸ್ ಅಲೆಗಳು ಬಹುಮಟ್ಟಿಗೆ ನೇರ ಸಾಗುವಂಥವು. ನಾಗಮಂಗಲದ ದಿಕ್ಕಿಗೆ ಮೇಲುಕೋಟೆಯ ಬೆಟ್ಟಸಾಲು ಅಡ್ಡ. ಆಂಟೆನಾ ಎತ್ತರಕ್ಕೆ ಹೋದಷ್ಟೂ ಒಳ್ಳೆಯದು, ಆದರೆ ಅದರೊಂದಿಗೆ ಕೇಬಲ್ಲೂ ಉದ್ದವಾಗುತ್ತದೆ. ತೆಳ್ಳನೆಯ ಆರ್‌ಜಿ-58ರಲ್ಲಿ 15 ಮೀಟರು ಸಾಗುವಷ್ಟರಲ್ಲೇ ಹೆಚ್ಚುಕಡಿಮೆ ಅರ್ಧ ಶಕ್ತಿ ಕರಗಿಹೋಗುತ್ತದೆ. ಉಳಿದದ್ದನ್ನು ಕೆಟ್ಟ ಬೆಸುಗೆ ತಿನ್ನಬಾರದು. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ, ಬಾಗಿಲು ತೆರೆದು, ಶ್ರೀರಂಗಪಟ್ಟಣದ ನಿಮಿಷಾಂಬ ಗುಡಿಯ ಮೆಟ್ಟಿಲು ಮುಳುಗಿದ ದಿನ ಫೋನೂ ಕರೆಂಟೂ ಕೈಕೊಟ್ಟರೆ, ಬ್ಯಾಟರಿಯ ಮೇಲೆ ಮಾತಾಡಬಲ್ಲ ರೇಡಿಯೊ ಬೇಕು.

ಮಲ್ಟಿಮೀಟರ್ ಹಿಡಿದು ನೋಡಿದರು. ಕೇಬಲ್ಲಿನ ಒಂದು ತುದಿಯ ಪಿನ್ನಿನಿಂದ ಇನ್ನೊಂದು ತುದಿಯ ಪಿನ್ನಿಗೆ ಬೀಪ್ ಬಂತು; ಪಿನ್ನಿಗೂ ಮೈಗೂ ನಡುವೆ ಬರಲಿಲ್ಲ. ಆಮೇಲೆ ಟೇಪು, ಕೆಳಗಿನಿಂದ ಮೇಲಕ್ಕೆ ಒತ್ತೊತ್ತಾಗಿ. ಮಳೆನೀರು ಒಳಸೇರಿದರೆ ಹೆಣಿಗೆ ಕಪ್ಪಾಗುತ್ತದೆ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹತ್ತುವುದು ಕಷ್ಟ, ಅಷ್ಟುದ್ದ ಕೇಬಲ್ ಕತ್ತರಿಸಿ ಎಸೆಯಬೇಕಾಗುತ್ತದೆ.