ಕಿಟಕಿಯ ರಬ್ಬರಿಗೂ ಮುಪ್ಪುಂಟು

“ಏನೋ ಇದು, ಅಪ್ಪನ ಕಾರಿನೊಳಗೆ ಕೂತರೂ ಕೊಡೆ ಬಿಚ್ಚಬೇಕೇನೋ?” ಎಂದು ಅಕ್ಕ ಗದರಿದಾಗ ನಾವಿನ್ನೂ ಮದುವೆಮನೆಗೆ ಅರ್ಧ ದಾರಿಯನ್ನೂ ಕ್ರಮಿಸಿರಲಿಲ್ಲ. ಮಲೆನಾಡಿನ ಜೂನ್ ತಿಂಗಳ ಮಳೆ. ಗಾಜನ್ನು ಪೂರ್ತಿ ಏರಿಸಿದ್ದರೂ ಅಂಚಿನಿಂದ ಒಳಗಿಳಿದ ನೀರು ಅವಳ ರೇಷ್ಮೆ ಸೀರೆಯ ಸೆರಗನ್ನು ತೋಯಿಸಿಬಿಟ್ಟಿತ್ತು.

ಕಾರು 1978ರ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100 ಮಾದರಿಯನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿದ್ದರು. 1974ರಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ಈಗ ತಯಾರಿಕೆ ನಿಂತು ಎರಡು ದಶಕಗಳೇ ಕಳೆದಿವೆ. ಮುಂಬಯಿಯ ರಸ್ತೆಗಳಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ಮರೆಯಾದದ್ದು 2023ರ ಅಕ್ಟೋಬರಿನಲ್ಲಿ. ನಮ್ಮ ಮನೆಯ ಪದ್ಮಿನಿ ಮಾತ್ರ ಅಪ್ಪ ಹೋದ ಮೇಲೂ ಕೊಟ್ಟಿಗೆಯ ಪಕ್ಕದಲ್ಲಿ ಉಳಿದಿದೆ.

ಕಾರಿನ ಗಾಜು ಏರಿಳಿಯುವ ಕ್ರಮವನ್ನು ಒಮ್ಮೆ ಗಮನಿಸಿ. ಕೆಳಗಿಳಿದ ಗಾಜು ಬಾಗಿಲ ಹೊಟ್ಟೆಯೊಳಗೆ ಸೇರುತ್ತದೆ. ಅದು ನುಸುಳುವ ಸೀಳಿನ ಹೊರಮಗ್ಗುಲಿನಲ್ಲಿ ಒಂದು ಪಟ್ಟಿ, ಒಳಮಗ್ಗುಲಿನಲ್ಲಿ ಇನ್ನೊಂದು. ಅವು ಗಾಜಿಗೆ ಒತ್ತಿಕೊಂಡು ನೀರನ್ನು ಒರೆಸುತ್ತವೆ. ಮೇಲೆ ಮತ್ತು ಪಕ್ಕದಲ್ಲಿ ಗಾಜು ಜಾರುವುದು ಒಂದು ಗಾಡಿಯಲ್ಲಿ. ಒಳಗೆ ಮಖಮಲ್ಲಿನಂಥ ಮೃದು ಪದರವಿರುವ ಇದನ್ನು ಗ್ಯಾರೇಜಿನವರು ‘ಚಾನೆಲ್’ ಎನ್ನುತ್ತಾರೆ. ಪಟ್ಟಿಗಳಿಗೆ ಅವರ ಹೆಸರು ‘ಬೀಡಿಂಗ್’. ನಮ್ಮ ಕಾರಿನ ಬೀಡಿಂಗಿಗೆ ಉಗುರು ಒತ್ತಿ ನೋಡಿದೆ. ಒಳ್ಳೆಯ ರಬ್ಬರಾದರೆ ಗುರುತು ಉಳಿಯದೆ ಮತ್ತೆ ಉಬ್ಬಬೇಕು. ಇದು ಒಣಗಿದ ಹಪ್ಪಳದಂತೆ ಚಟ್ಟನೆ ಮುರಿಯಿತು.

ಇಷ್ಟು ಮೆತ್ತಗಿರುವ ವಸ್ತು ಹೀಗೇಕೆ ಗಟ್ಟಿಯಾಗುತ್ತದೆ? ಸಹಜ ರಬ್ಬರೆಂದರೆ ಉದ್ದುದ್ದನೆಯ ಅಣುಸರಪಳಿಗಳ ಸಿಕ್ಕು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದಾಗ ಈ ಸರಪಳಿಗಳ ನಡುವೆ ಗಂಧಕದ ಅಡ್ಡಗೊಂಡಿಗಳು ಬಿದ್ದವು. ಎಳೆದರೂ ಹಿಂದಕ್ಕೆ ಮರಳುವ ರಬ್ಬರು ಸಿಕ್ಕಿತು. ಆದರೆ ಗಾಳಿಯ ಆಮ್ಲಜನಕ ಆ ಕೆಲಸವನ್ನು ಅಲ್ಲಿಗೇ ನಿಲ್ಲಗೊಡುವುದಿಲ್ಲ. ವರ್ಷಗಟ್ಟಲೆ ಕೆಲವು ಕಡೆ ಹೊಸ ಗೊಂಡಿ ಹಾಕುತ್ತದೆ, ಕೆಲವು ಕಡೆ ಸರಪಳಿಯನ್ನೇ ಕಡಿಯುತ್ತದೆ. ಬಿಸಿಲಿನ ಶಾಖ, ಅತಿನೇರಳೆ ಕಿರಣಗಳು ಇದಕ್ಕೆ ವೇಗ ಕೊಡುತ್ತವೆ. ಅಡುಗೆಮನೆಯ ಕುಕ್ಕರಿನ ಗ್ಯಾಸ್ಕೆಟ್ ಕೆಲವೇ ವರ್ಷಗಳಲ್ಲಿ ಬಿರುಸಾಗುವುದೂ ಶಾಖದಿಂದಲೇ.

ಓಜೋನ್ ಇನ್ನೂ ಕಿಲಾಡಿ. ಆಕಾಶದಲ್ಲಿ ನಮ್ಮನ್ನು ಕಾಯುವ ಈ ಅನಿಲ ನೆಲದ ಮಟ್ಟದಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಸಹಜ ರಬ್ಬರಿನ ಸರಪಳಿಯಲ್ಲಿರುವ ದ್ವಿಬಂಧಗಳನ್ನು ಹುಡುಕಿ ತುಂಡರಿಸುತ್ತದೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ನೋಡಬಹುದು. ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಒಂದನ್ನು ಹಲಗೆಯ ಎರಡು ಮೊಳೆಗಳ ನಡುವೆ ಬಿಗಿಯಾಗಿ ಎಳೆದು ಕಟ್ಟಿ, ಇನ್ನೊಂದನ್ನು ಸಡಿಲವಾಗಿ ಪಕ್ಕದಲ್ಲೇ ಇಟ್ಟು, ತಾರಸಿಯ ಮೇಲೆ ಕೆಲವು ವಾರ ಬಿಡಿ. ಆಮೇಲೆ ಭೂತಗನ್ನಡಿಯಲ್ಲಿ ನೋಡಿದರೆ ಎಳೆದು ಕಟ್ಟಿದ್ದರಲ್ಲಿ ಅಡ್ಡಡ್ಡ ಬಿರುಕುಗಳು ಎದ್ದು ಕಾಣುತ್ತವೆ. ಬೀಡಿಂಗನ್ನು ಎಳೆದೆಳೆದು ಕೂರಿಸಬಾರದು ಎನ್ನುವುದಕ್ಕೆ ಇದೇ ಕಾರಣ.

ಇಷ್ಟೆಲ್ಲ ಪಾಠ ಹೇಳುವ ನಾನು ಮಾಡಿದ್ದೇನು ಗೊತ್ತೆ? ಮೂರು ಮಳೆಗಾಲಗಳ ಹಿಂದೆ ಬಾಗಿಲ ಅಡಿಯಂಚಿನಿಂದ ನೀರು ತೊಟ್ಟಿಕ್ಕುವುದು ಕಂಡಿತು. ಸೋರಿಕೆ ಅಲ್ಲೇ ಇದೆ ಎಂದುಕೊಂಡು, ಅಲ್ಲಿದ್ದ ಸಣ್ಣ ತೂತುಗಳಿಗೆ ಡಾಂಬರು ಮೆತ್ತಿದೆ. ತೊಟ್ಟಿಕ್ಕುವುದು ನಿಂತಿತು. ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಎಷ್ಟೇ ಹೊಸ ಬೀಡಿಂಗ್ ಇದ್ದರೂ ಗಾಜಿನ ಜೊತೆ ಒಂದಿಷ್ಟು ನೀರು ಬಾಗಿಲೊಳಗೆ ಇಳಿಯುತ್ತದೆ. ಅದು ಹೊರಹೋಗಲೆಂದೇ ಆ ತೂತುಗಳಿರುವುದು. ನಾನು ಮುಚ್ಚಿದ್ದು ಚರಂಡಿಯನ್ನು. ಬೀಡಿಂಗ್ ಬದಲಿಸಲೆಂದು ಈ ಸಲ ಬಾಗಿಲ ಒಳಹೊದಿಕೆ ಬಿಚ್ಚಿದರೆ, ತಳದಲ್ಲಿ ಕೆಸರು, ಎಲೆ, ಕಂದು ಪುಡಿ. ಬೆರಳೊತ್ತಿದರೆ ತಗಡು ತೂತಾಯಿತು. ಪ್ರತಿವರ್ಷ ತರಗತಿಯಲ್ಲಿ ಮೂರು ಪ್ರನಾಳಗಳಲ್ಲಿ ಮೊಳೆ ಇಟ್ಟು, ತುಕ್ಕು ಹಿಡಿಯಲು ನೀರೂ ಬೇಕು, ಗಾಳಿಯೂ ಬೇಕು ಎಂದು ತೋರಿಸುವ ಮನುಷ್ಯ ನಾನು! ಟಿಂಕರಿಂಗ್ ಕೆಲಸದವರು ಕೆಳಗಿನ ನಾಲ್ಕು ಇಂಚು ಕತ್ತರಿಸಿ ಹೊಸ ತಗಡು ಬೆಸೆಯಬೇಕಾಯಿತು. ಅದರ ಖರ್ಚಿನಲ್ಲಿ ನಾಲ್ಕೂ ಬಾಗಿಲಿಗೆ ಎಷ್ಟೋ ಸಲ ಬೀಡಿಂಗ್ ಹಾಕಿಸಬಹುದಿತ್ತು.

ಹೊಸ ಪಟ್ಟಿ ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಹಳೆಯ ತುಂಡನ್ನು ಜೊತೆಗೆ ಒಯ್ದದ್ದು ಒಳ್ಳೆಯದಾಯಿತು. ಅಡ್ಡ ಕತ್ತರಿಸಿದ ಆಕಾರ ಹೊಂದದಿದ್ದರೆ ಬಣ್ಣ, ಉದ್ದ ಹೊಂದಿ ಫಲವಿಲ್ಲ. ಈಗಿನ ಕಾರುಗಳ ಪಟ್ಟಿಗಳಿಗೆ ಹೆಚ್ಚಾಗಿ ಬಳಸುವುದು ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರು. ಇದರ ಮುಖ್ಯ ಸರಪಳಿಯಲ್ಲಿ ದ್ವಿಬಂಧಗಳೇ ಇಲ್ಲದ್ದರಿಂದ ಓಜೋನ್‌ಗೆ ಕಚ್ಚಲು ಜಾಗವಿಲ್ಲ. ಆದರೆ ಡೀಸೆಲ್, ಎಂಜಿನ್ ಆಯಿಲ್, ಗ್ರೀಸು ತಗುಲಿದರೆ ಉಬ್ಬಿ ಹಾಳಾಗುತ್ತದೆ. ಪಟ್ಟಿ ಕಪ್ಪಗೆ ಹೊಳೆಯಲೆಂದು ಡೀಸೆಲ್ ಸವರುವವರನ್ನು ದಯವಿಟ್ಟು ತಡೆಯಿರಿ.

ಕೂರಿಸುವ ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಗಾಜು ಇಳಿಸಿ, ತಿರುಗಿಸುವ ಹಿಡಿ ಮತ್ತು ಒಳಹೊದಿಕೆ ತೆಗೆದು, ಹಳೆಯ ಪಟ್ಟಿ ಕಿತ್ತೆ. ಅಂಚಿನ ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿದು ಒಂದು ದಿನ ಒಣಗಲು ಬಿಟ್ಟೆ. ಈ ಒಂದು ದಿನವನ್ನು ಉಳಿಸಲು ಹೋದರೆ ತುಕ್ಕು ಹೊಸ ಪಟ್ಟಿಯ ಅಡಿಯಲ್ಲೇ ಮತ್ತೆ ಶುರುವಾಗುತ್ತದೆ. ಚಾನೆಲನ್ನು ಅರ್ಧ ಇಂಚು ಉದ್ದವೇ ಕತ್ತರಿಸಿ, ಸೋಪಿನ ನೀರು ಸವರಿ, ಮೊದಲು ಮೂಲೆಗಳನ್ನು ಕೂರಿಸಿ, ಅಲ್ಲಿಂದ ಮಧ್ಯಕ್ಕೆ ಒತ್ತುತ್ತ ಬಂದೆ. ಹೆಚ್ಚಾದದ್ದನ್ನು ಕೊನೆಯಲ್ಲಿ ಕತ್ತರಿಸಿದರಾಯಿತು. ಗಾಜು ಮೊದಮೊದಲು ಬಿಗಿಯಾಗಿ ಏರುತ್ತದೆ, ಹೆದರಬೇಡಿ. ಬಿಗಿ ಸರಿಯಿದೆಯೇ ನೋಡಲು ಹಳೆಯ ಪ್ರಶ್ನೆಪತ್ರಿಕೆಯ ಚೂರೊಂದನ್ನು ಗಾಜಿನ ಅಂಚಿಗೆ ಸಿಕ್ಕಿಸಿ ಎಳೆದೆ. ಎಲ್ಲ ಕಡೆಯೂ ಸ್ವಲ್ಪ ತಡೆದೇ ಬಂತು.

ಬಾಗಿಲು ಬಿಚ್ಚಿದಾಗ ಡ್ಯಾಷ್‌ಬೋರ್ಡಿನ ಗೂಡನ್ನೂ ಖಾಲಿ ಮಾಡಿದ್ದೆ. ಹಳೆಯ ರಸೀದಿಗಳ ನಡುವೆ ಒಂದು ಗೇಣುದ್ದದ ತೆಂಗಿನ ಪೊರಕೆಯ ಕಡ್ಡಿಯಿತ್ತು. ಮಳೆ ನಿಂತಾಗಲೆಲ್ಲ ಅಪ್ಪ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಾಗಿಲ ಅಡಿಗೆ ಅದನ್ನು ಚುಚ್ಚುತ್ತಿದ್ದುದು ಆಗ ನೆನಪಾಯಿತು. ಏಕೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಮೊನ್ನೆ ಅಕ್ಕನ ಎದುರಿಗೇ ಗಾಜಿನ ಮೇಲೆ ಎರಡು ಬಿಂದಿಗೆ ನೀರು ಸುರಿದೆ. ಒಳಗೆ ಒಂದು ಹನಿಯೂ ಇಲ್ಲ. ಅವಳು ಬಗ್ಗಿ ಬಾಗಿಲ ಅಡಿಗೆ ನೋಡಿ, “ಇಲ್ಲಿ ಇನ್ನೂ ತೊಟ್ಟಿಕ್ತಾ ಇದೆಯಲ್ಲೋ” ಎಂದಳು.

“ತೊಟ್ಟಿಕ್ಕಲಿ ಬಿಡೇ” ಎಂದು ಕಡ್ಡಿಯನ್ನು ಮತ್ತೆ ಗೂಡಿಗೆ ಸೇರಿಸಿದೆ.